ಕನ್ನಡ ಅಧ್ಯಯನಕ್ಕೆ ಪೂರಕವಾಗಿ ಪ್ರಾಚೀನ ಗ್ರೀಕ್: ಕೆಲವು ವಿಚಾರಗಳು

೧

ಕನ್ನಡ ಸಂಶೋಧನೆಗೆ ಪೂರಕವಾಗಿ ಯಾವ ಯಾವ ಭಾಷೆಗಳ ಪರಿಚಯ ಅಗತ್ಯ ಎಂಬ ಪ್ರಶ್ನೆ ಹೊಸದೇನೂ ಅಲ್ಲ. ಸಂಸ್ಕೃತ ಪ್ರಾಕೃತಗಳ ತಿಳಿವಳಿಕೆಯಿಲ್ಲದೆ ಹಳಗನ್ನಡ ಕಾವ್ಯ ಮತ್ತು ಶಾಸನಗಳ ಅಧ್ಯಯನ ಪೂರ್ಣವಾಗದು. ತಮಿಳು, ತೆಲುಗು, ತುಳುಗಳನ್ನು ಬಿಟ್ಟು ದ್ರಾವಿಡ ಭಾಷಾವಿಜ್ಞಾನವಿಲ್ಲ. ಮಧ್ಯಕಾಲದ ಆಡಳಿತ ದಾಖಲೆಗಳನ್ನು ಓದುವವರಿಗೆ ಮರಾಠಿಯ ಮೋಡಿ ಲಿಪಿಯೂ ಪಾರಸಿ ಪದಗಳೂ ತಿಳಿದಿರಬೇಕು. ಈ ಮಾತುಗಳನ್ನು ನಮ್ಮ ವಿಭಾಗಗಳು ಒಪ್ಪಿಕೊಂಡಿವೆ. ಪಾಲಿಸುವುದು ಕಡಿಮೆಯಾದರೂ ತತ್ತ್ವತಃ ಒಪ್ಪಿಕೊಂಡಿವೆ. ಆದರೆ ಈ ಪಟ್ಟಿಯಲ್ಲಿ ಪ್ರಾಚೀನ ಗ್ರೀಕ್ ಭಾಷೆಗೆ ಎಂದೂ ಸ್ಥಾನ ದೊರೆತಿಲ್ಲ. ಸ್ನಾತಕ ಅಥವಾ ಸ್ನಾತಕೋತ್ತರ ಪದವಿಯ ಜೊತೆಗೆ ಐಚ್ಛಿಕವಾಗಿ ಗ್ರೀಕ್ ಕಲಿಯುವ ಅವಕಾಶವೊಂದನ್ನು ಕನ್ನಡ ವಿಭಾಗಗಳು ಕಲ್ಪಿಸಬೇಕು ಎಂಬುದು ಪ್ರಸ್ತುತ ಬರಹದ ನಿಲುವು.

ಇದು ಮೇಲ್ನೋಟಕ್ಕೆ ವಿಚಿತ್ರವಾಗಿ ಕಾಣಬಹುದು. ಯಲ್ಲಾಪುರ ತಾಲೂಕಿನ ವಜ್ರಳ್ಳಿಯಂಥ, ಅಡಿಕೆ ತೋಟ ಮತ್ತು ಕಾಡುಗಳ ನಡುವಿನ ಊರಿನಿಂದ ಬಂದು ಕನ್ನಡ ಎಂ.ಎ. ಮಾಡುವ ವಿದ್ಯಾರ್ಥಿಗೆ ಎರಡು ಸಾವಿರ ವರ್ಷ ಹಿಂದಿನ ಪರದೇಶದ ಭಾಷೆಯಿಂದ ಆಗಬೇಕಾದುದೇನು ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಆದರೆ ಅದೇ ಜಿಲ್ಲೆಯ ಶಿರಸಿ ತಾಲೂಕಿನಲ್ಲಿರುವ ಬನವಾಸಿಯ ಹೆಸರನ್ನು ಕ್ರಿ.ಶ. ಎರಡನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಒಬ್ಬ ವಿದ್ವಾಂಸನು ಗ್ರೀಕ್ ಅಕ್ಷರಗಳಲ್ಲಿ ಬರೆದಿಟ್ಟಿದ್ದಾನೆ. ಅಂದರೆ ಆ ವಿದ್ಯಾರ್ಥಿಯ ನೆರೆಯ ಊರಿನ ಚರಿತ್ರೆಯ ಒಂದು ಆಧಾರ ಗ್ರೀಕ್ ಭಾಷೆಯಲ್ಲಿದೆ. ಆ ಆಧಾರವನ್ನು ನಾವು ಇದುವರೆಗೆ ಹೇಗೆ ಬಳಸಿಕೊಂಡಿದ್ದೇವೆ, ಹೇಗೆ ಬಳಸಿಕೊಳ್ಳಬಹುದಾಗಿತ್ತು ಎಂಬುದನ್ನು ಪರಿಶೀಲಿಸಿದರೆ ಮೇಲಿನ ಪ್ರಶ್ನೆಗೆ ಉತ್ತರ ದೊರೆಯುತ್ತದೆ.

೨

ಟಾಲೆಮಿಯು ಸುಮಾರು ಕ್ರಿ.ಶ. ೧೫೦ರಲ್ಲಿ ರಚಿಸಿದ ಭೂಗೋಳ ಗ್ರಂಥದ ಏಳನೆಯ ಭಾಗದಲ್ಲಿ ಭಾರತದ ಊರುಗಳ ಪಟ್ಟಿಯಿದೆ. ಅದರಲ್ಲಿ ಬನವಾಸಿ ಉಲ್ಲೇಖಗೊಂಡಿದೆ ಎಂಬ ವಾಕ್ಯ ನಮ್ಮ ಚರಿತ್ರೆಯ ಪಠ್ಯಗಳಲ್ಲಿ ತಪ್ಪದೆ ಬರುತ್ತದೆ. ಅಲ್ಲಿಗೆ ಚರ್ಚೆ ಮುಗಿಯುತ್ತದೆ. ಗ್ರೀಕ್ ರೂಪವನ್ನು ಅಕ್ಷರಕ್ಕೆ ಅಕ್ಷರ ಕನ್ನಡ ಲಿಪಿಗೆ ತಂದರೆ 'ಬನಊಅಸೆಇ' ಎಂದಾಗುತ್ತದೆ. ಈ ಒಂದು ಪದದಲ್ಲಿಯೇ ಭಾಷಾಶಾಸ್ತ್ರದ ಎರಡು ಸ್ವಾರಸ್ಯಕರ ಪ್ರಶ್ನೆಗಳಿವೆ.

ಮೊದಲನೆಯದು ಪದಾದಿಯ ವ್ಯಂಜನ. ಗ್ರೀಕಿನಲ್ಲಿ ವಕಾರಕ್ಕೆ ಪ್ರತ್ಯೇಕ ಅಕ್ಷರ ಆ ಕಾಲಕ್ಕೆ ಬಳಕೆಯಲ್ಲಿರಲಿಲ್ಲ. ಪರಭಾಷೆಯ ವಕಾರವನ್ನು ಬರೆಯಬೇಕಾದಾಗ ಲಿಪಿಕಾರರು 'ಊ' ಧ್ವನಿಯ ಜೋಡಿ ಅಕ್ಷರವನ್ನೋ ಕೆಲವೊಮ್ಮೆ ಬೀಟಾ ಅಕ್ಷರವನ್ನೋ ಬಳಸುತ್ತಿದ್ದರು. ಲ್ಯಾಟಿನ್ ಹೆಸರುಗಳ ಗ್ರೀಕ್ ಬರವಣಿಗೆಯಲ್ಲಿ ಈ ಎರಡೂ ಪದ್ಧತಿಗಳು ಕಾಣುತ್ತವೆ. ಬನವಾಸಿಯ ಹೆಸರಿನಲ್ಲಿ ಮೊದಲ ಅಕ್ಷರ ಬೀಟಾ. ನಡುವಿನ ವಕಾರಕ್ಕೆ ಮಾತ್ರ ಜೋಡಿ ಅಕ್ಷರ. ಒಂದೇ ಪದದಲ್ಲಿ ಎರಡು ಬೇರೆ ಸಂಕೇತಗಳನ್ನು ಬಳಸಿರುವುದರಿಂದ, ಟಾಲೆಮಿಗೆ ಸುದ್ದಿ ಕೊಟ್ಟವರ ಕಿವಿಗೆ ಮೊದಲಿನ ಧ್ವನಿ ಬೇರೆಯಾಗಿ, ನಡುವಿನ ಧ್ವನಿ ಬೇರೆಯಾಗಿ ಕೇಳಿಸಿರಬಹುದೆಂದು ಊಹಿಸಲು ಅವಕಾಶವಿದೆ. ಸಂಸ್ಕೃತದ 'ವನ' ಕನ್ನಡದಲ್ಲಿ 'ಬನ'ವಾಗುವುದು ನಮಗೆ ತಿಳಿದ ತದ್ಭವ ಪ್ರಕ್ರಿಯೆ. ಹಾಗಾದರೆ ಪದಾದಿಯ ವಕಾರವು ಬಕಾರವಾಗಿರುವ ರೂಪ ಕ್ರಿ.ಶ. ಎರಡನೆಯ ಶತಮಾನದಲ್ಲಿಯೇ ಜನರ ಬಾಯಲ್ಲಿತ್ತೇ? ಇದು ನಿರ್ಣಯವಲ್ಲ, ಪ್ರಶ್ನೆ. ಬೀಟಾದ ಉಚ್ಚಾರಣೆಯೂ ಆ ಶತಮಾನಗಳಲ್ಲಿ ವಕಾರದ ಕಡೆಗೆ ಜಾರುತ್ತಿತ್ತು. ಟಾಲೆಮಿಯ ಗ್ರಂಥದ ನಮಗೆ ದೊರೆತಿರುವ ಪೂರ್ಣ ಗ್ರೀಕ್ ಹಸ್ತಪ್ರತಿಗಳು ಹದಿಮೂರನೆಯ ಶತಮಾನದಿಂದ ಈಚಿನವು. ಈ ಎರಡು ತೊಡಕುಗಳನ್ನೂ ತೂಗಿ ನೋಡಬಲ್ಲ ಕನ್ನಡ ವಿದ್ವಾಂಸರು ಬೇಕು.

ಎರಡನೆಯದು ಪದಾಂತ್ಯ. ಶಾಸನ ಮತ್ತು ಕಾವ್ಯಗಳಲ್ಲಿ ಈ ಊರಿನ ಹೆಸರು 'ಬನವಾಸಿ', 'ಬನವಸೆ' ಎಂಬ ಎರಡು ಬಗೆಯಾಗಿ ಬರುತ್ತದೆ. ರೋಮನ್ ಲಿಪ್ಯಂತರದಲ್ಲಿ ಗ್ರೀಕ್ ರೂಪವನ್ನು ಕಂಡವರು ಕೊನೆಯ 'ಎ' ಕಾರವನ್ನು ನೋಡಿ ಅದು 'ಬನವಸೆ'ಗೆ ಹತ್ತಿರ ಎಂದು ತಟ್ಟನೆ ತೀರ್ಮಾನಿಸುವ ಸಂಭವವಿದೆ. ಆದರೆ ಟಾಲೆಮಿಯ ಕಾಲಕ್ಕೆ ಗ್ರೀಕಿನ 'ಎಇ' ಜೋಡಿ ಸ್ವರದ ಉಚ್ಚಾರಣೆ ದೀರ್ಘ 'ಈ' ಆಗಿತ್ತು. ಹಾಗೆ ನೋಡಿದರೆ ಅದು 'ಬನವಾಸಿ'ಗೇ ಹತ್ತಿರ. ಗ್ರೀಕ್ ಲಿಪಿ 'ಅ' ಮತ್ತು 'ಆ'ಗಳಿಗೆ ಒಂದೇ ಅಕ್ಷರವನ್ನು ಬಳಸುವುದರಿಂದ ನಡುವಿನ ಸ್ವರ ಹ್ರಸ್ವವೋ ದೀರ್ಘವೋ ಎಂಬುದನ್ನು ಬರವಣಿಗೆ ಹೇಳುವುದಿಲ್ಲ. ಒಂದು ಊರಿನ ಹೆಸರಿನ ಒಂದು ಉಲ್ಲೇಖದಲ್ಲಿ ಇಷ್ಟೊಂದು ವಿಚಾರಗಳು ಅಡಗಿರುವಾಗ, 'ಟಾಲೆಮಿಯೂ ಬನವಾಸಿಯನ್ನು ಹೆಸರಿಸಿದ್ದಾನೆ' ಎಂಬ ಒಂದು ವಾಕ್ಯಕ್ಕೆ ನಾವು ತೃಪ್ತರಾಗಿರುವುದು ಸರಿಯೇ?

ಕರಾವಳಿಯ ವಿಷಯವೂ ಇದೇ. ಕ್ರಿ.ಶ. ಒಂದನೆಯ ಶತಮಾನದ 'ಪೆರಿಪ್ಲಸ್' ಎಂಬ ಸಮುದ್ರಯಾನ ಗ್ರಂಥವು ಪಶ್ಚಿಮ ಕರಾವಳಿಯ ಬಂದರುಗಳನ್ನು ಉತ್ತರದಿಂದ ದಕ್ಷಿಣಕ್ಕೆ ಹೆಸರಿಸುತ್ತ ಹೋಗುತ್ತದೆ. ಅದರಲ್ಲಿ ಬರುವ 'ನೌರ' ಎಂಬ ಬಂದರನ್ನು ಕೆಲವರು ಹೊನ್ನಾವರವೆಂದೂ ಕೆಲವರು ಮಂಗಳೂರೆಂದೂ ಇನ್ನು ಕೆಲವರು ಕಣ್ಣೂರೆಂದೂ ಗುರುತಿಸಿದ್ದಾರೆ. ಆ ಬಂದರಿನಿಂದ ಆರಂಭವಾಗುವ ನಾಡಿನ ಹೆಸರು ಹಸ್ತಪ್ರತಿಯಲ್ಲಿ 'ಲಿಮುರಿಕೇ' ಎಂದಿದೆ. ೧೯೧೨ರಲ್ಲಿ ಷಾಫ್ ಪ್ರಕಟಿಸಿದ ಇಂಗ್ಲಿಷ್ ಅನುವಾದದಲ್ಲಿ ಅದು 'ದಮಿರಿಕ' ಎಂದಾಗಿದೆ. ೧೯೮೯ರ ಕ್ಯಾಸನ್ ಅವರ ಅನುವಾದ ಮತ್ತೆ ಹಸ್ತಪ್ರತಿಯ ರೂಪಕ್ಕೇ ಮರಳಿದೆ. ಈ ವ್ಯತ್ಯಾಸ ಹುಟ್ಟಿದ್ದು ಗ್ರೀಕ್ ದೊಡ್ಡಕ್ಷರಗಳಲ್ಲಿ ಡೆಲ್ಟಾ ಮತ್ತು ಲ್ಯಾಂಬ್ಡಾಗಳು ಒಂದನ್ನೊಂದು ಹೋಲುವುದರಿಂದ. ತ್ರಿಕೋನದ ಅಡ್ಡಗೆರೆಯೊಂದು ಮಾಸಿದರೆ ದಕಾರ ಲಕಾರವಾಗುತ್ತದೆ. ಷಾಫ್ ಅವರ ಅನುವಾದವನ್ನು ಮಾತ್ರ ಓದಿದವರು 'ದಮಿರಿಕ'ವನ್ನು ಮೂಲಪಾಠವೆಂದೇ ನಂಬಿ ಅದರ ಮೇಲೆ ವಾದ ಕಟ್ಟುತ್ತಾರೆ. ಹಳಗನ್ನಡ ಹಸ್ತಪ್ರತಿಗಳಲ್ಲಿ ಸ್ಖಾಲಿತ್ಯಗಳನ್ನು ಗುರುತಿಸಿ ಪಾಠ ಪರಿಷ್ಕರಿಸುವ ಪರಂಪರೆಯಲ್ಲಿ ಬೆಳೆದ ನಮಗೆ ಇದು ಅಪರಿಚಿತ ಸಮಸ್ಯೆಯಲ್ಲ. ಅಪರಿಚಿತವಾಗಿರುವುದು ಲಿಪಿ ಮಾತ್ರ.

೩

ಇದಕ್ಕಿಂತ ಹೆಚ್ಚು ಚರ್ಚೆಗೆ ಒಳಗಾಗಿರುವುದು, ಹೆಚ್ಚು ಅಭಿಮಾನಕ್ಕೂ ಕಾರಣವಾಗಿರುವುದು 'ಖರಿತಿಯೊನ್' ಪ್ರಹಸನ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ದೊರೆತ ಪಪೈರಸ್ ಹಾಳೆಗಳಲ್ಲಿ ೪೧೩ನೆಯ ಸಂಖ್ಯೆಯದಾಗಿ ಇದನ್ನು ಗ್ರೆನ್‌ಫೆಲ್ ಮತ್ತು ಹಂಟ್ ಅವರು ೧೯೦೩ರಲ್ಲಿ ಪ್ರಕಟಿಸಿದರು. ಹಿಂದೂ ಮಹಾಸಾಗರದ ತೀರದ ಒಂದು ನಾಡಿನಲ್ಲಿ ಸೆರೆಯಾದ ಗ್ರೀಕ್ ತರುಣಿಯೊಬ್ಬಳನ್ನು ಅವಳ ಸೋದರ ಮತ್ತು ಸಂಗಡಿಗರು, ಅಲ್ಲಿನ ಅರಸನಿಗೂ ಪರಿವಾರಕ್ಕೂ ಮದ್ಯ ಕುಡಿಸಿ, ಬಿಡಿಸಿಕೊಂಡು ಹೋಗುವ ಕಥೆ ಇದರದು. ಅರಸನೂ ಅವನ ಕಡೆಯವರೂ ಆಡುವ ಗ್ರೀಕೇತರ ಮಾತುಗಳು ಕನ್ನಡವಾಗಿರಬಹುದೆಂದು ಶಾಸನತಜ್ಞ ಹುಲ್ಷ್ ಅವರು ೧೯೦೪ರಲ್ಲಿ ಜರ್ಮನಿಯ 'ಹೆರ್ಮೆಸ್' ಪತ್ರಿಕೆಯಲ್ಲಿ ಸೂಚಿಸಿದರು. ಆರ್. ಶಾಮಶಾಸ್ತ್ರಿಗಳು ಆ ದಾರಿಯಲ್ಲಿ ಮುಂದುವರಿದರು. ಎಲ್.ಡಿ. ಬಾರ್ನೆಟ್ ಅವರು ೧೯೨೬ರಲ್ಲಿ ಆ ಓದನ್ನು ಒಪ್ಪದೆ ಲೇಖನ ಬರೆದರು. ಭಾಸ್ಕರ ಆನಂದ ಸಾಲೆತೊರೆಯವರು ತುಳುವ ಚರಿತ್ರೆಯ ಹಿನ್ನೆಲೆಯಲ್ಲಿ ಇದನ್ನು ಚರ್ಚಿಸಿದರು. ಮುಂದೆ ಅದೇ ಮಾತುಗಳು ಕನ್ನಡವಲ್ಲ, ತುಳು ಎಂದು ವಾದಿಸಿದವರೂ ಬಂದರು.

ಈ ವಾದವಿವಾದಕ್ಕೆ ಈಗ ನೂರು ವರ್ಷಗಳಿಗೂ ಹೆಚ್ಚು ವಯಸ್ಸಾಗಿದೆ. ಕನ್ನಡಕ್ಕೆ ೨೦೦೮ರಲ್ಲಿ ಶಾಸ್ತ್ರೀಯ ಸ್ಥಾನ ದೊರೆತ ಹೊತ್ತಿನಲ್ಲಿಯೂ ಭಾಷೆಯ ಪ್ರಾಚೀನತೆಯ ಚರ್ಚೆಯಲ್ಲಿ ಈ ಪ್ರಹಸನದ ಹೆಸರು ಕೇಳಿಬರುತ್ತಿತ್ತು. ಆದರೆ ಇಷ್ಟು ದೀರ್ಘಕಾಲದಲ್ಲಿ ಪಪೈರಸ್ಸಿನ ಗ್ರೀಕ್ ಪಾಠವನ್ನೇ ಮುಂದಿಟ್ಟುಕೊಂಡು ನಡೆದ ಚರ್ಚೆ ಕನ್ನಡದಲ್ಲಿ ವಿರಳ. ಒಬ್ಬರು ಕೊಟ್ಟ ರೋಮನ್ ಲಿಪ್ಯಂತರವನ್ನು ಇನ್ನೊಬ್ಬರು ಕನ್ನಡ ಲಿಪಿಗೆ ತಂದು, ಅದನ್ನು ಮೂರನೆಯವರು ಪದಗಳಾಗಿ ಒಡೆದು, ನಾಲ್ಕನೆಯವರು ಅದರ ಮೇಲೆ ಸಿದ್ಧಾಂತ ಕಟ್ಟುವ ಕ್ರಮವೇ ಹೆಚ್ಚಾಗಿ ನಡೆದುಬಂದಿದೆ.

ಗ್ರೀಕ್ ಬಲ್ಲವರು ಇಲ್ಲಿ ಕೇಳಬೇಕಾದ ಪ್ರಶ್ನೆಗಳು ಹಲವು. ಆ ಕಾಲದ ಬರವಣಿಗೆಯಲ್ಲಿ ಪದಗಳ ನಡುವೆ ಅಂತರವಿಲ್ಲ. ಗ್ರೀಕ್ ಮಾತುಗಳಲ್ಲಿ ಭಾಷೆಯ ಅರಿವಿನಿಂದ ಪದವಿಭಾಗ ಮಾಡಬಹುದು. ಅಪರಿಚಿತ ಭಾಷೆಯ ಮಾತುಗಳಲ್ಲಿ ಹಾಗೆ ಮಾಡಲು ಬರುವುದಿಲ್ಲ. ಆದ್ದರಿಂದ 'ಬೆರೇ' ಎಂದು ಬಿಡಿಸಿ ಅದನ್ನು ನಮ್ಮ 'ಬೇರೆ'ಯೊಡನೆ, 'ಕೊನ್ಜೆಇ' ಎಂದು ಬಿಡಿಸಿ ಅದನ್ನು ನಮ್ಮ 'ಕೊಂಚ'ದೊಡನೆ ಸಮೀಕರಿಸುವ ಮೊದಲು, ಆ ಜಾಗದಲ್ಲಿಯೇ ಏಕೆ ಬಿಡಿಸಬೇಕು ಎಂಬುದಕ್ಕೆ ಕಾರಣ ಬೇಕು. ಮೊದಲ ಪದದ ಕೊನೆಯಲ್ಲಿರುವುದು ಈಟಾ ಎಂಬ ಸ್ವರ. ಅದು ಮೂಲದಲ್ಲಿ ದೀರ್ಘ 'ಏ'. ರೋಮನ್ ಆಳಿಕೆಯ ಕಾಲದ ಈಜಿಪ್ಟಿನ ಬರಹಗಳಲ್ಲಿ ಅದು 'ಇ'ಕಾರದೊಡನೆಯೂ 'ಎ'ಕಾರದೊಡನೆಯೂ ಬೆರೆತುಹೋಗಿದೆ. ಈಜಿಪ್ಟಿನ ಲಿಪಿಕಾರರು ತಕಾರ ದಕಾರಗಳನ್ನೂ ಕಕಾರ ಗಕಾರಗಳನ್ನೂ ಆಗಾಗ ಅದಲುಬದಲು ಮಾಡುತ್ತಿದ್ದರೆಂಬುದು ಪಪೈರಸ್ಸುಗಳ ಅಧ್ಯಯನದಿಂದ ಸಿದ್ಧವಾಗಿದೆ. ಟಕಾರ, ಡಕಾರ, ಣಕಾರ, ಳಕಾರಗಳನ್ನು ಬೇರೆಯಾಗಿ ಬರೆಯುವ ಸಾಧನವೇ ಗ್ರೀಕ್ ಲಿಪಿಯಲ್ಲಿಲ್ಲ. ಇವೆಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಒಂದೊಂದು ಅಕ್ಷರಕ್ಕೂ ಎರಡು ಮೂರು ಸಾಧ್ಯತೆಗಳು ಏರ್ಪಟ್ಟು, ಹಲವು ಭಾಷೆಗಳ ಪದಗಳನ್ನು ಅಲ್ಲಿ ಕಾಣುವುದು ಸುಲಭವಾಗುತ್ತದೆ. ಒಂದೇ ಸಾಲು ಒಬ್ಬರಿಗೆ ಕನ್ನಡವಾಗಿ ಇನ್ನೊಬ್ಬರಿಗೆ ತುಳುವಾಗಿ ಕಾಣುವುದಕ್ಕೆ ಇದೂ ಒಂದು ಕಾರಣ.

ಇದರ ಇನ್ನೊಂದು ಮುಖ ಕನ್ನಡದ ಕಡೆಯದು. ಹಲ್ಮಿಡಿ ಶಾಸನದ ಕಾಲ ಸುಮಾರು ಕ್ರಿ.ಶ. ೪೫೦. ಪಪೈರಸ್ಸು ಅದಕ್ಕಿಂತ ಎರಡು ಮೂರು ಶತಮಾನ ಹಿಂದಿನದು. ಹಳಗನ್ನಡದ ಪಕಾರ ಹಕಾರವಾಗಲು ತೊಡಗಿದ್ದು ಸುಮಾರು ಹತ್ತನೆಯ ಶತಮಾನದಿಂದ ಈಚೆಗೆ. ಹೀಗಿರುವಾಗ ಪ್ರಹಸನದ ಮಾತುಗಳಿಗೆ ಸೂಚಿಸಲಾದ ಓದುಗಳಲ್ಲಿ ಹಕಾರಾದಿಯಾದ ಕ್ರಿಯಾಪದವೋ ನಡುಗನ್ನಡ, ಹೊಸಗನ್ನಡದ ರೂಪವೋ ಕಾಣಿಸಿಕೊಂಡರೆ ಅದನ್ನು ಸಂಶಯದಿಂದ ನೋಡಬೇಕಾದುದು ಕನ್ನಡ ವಿದ್ವಾಂಸರ ಕರ್ತವ್ಯ. ಗ್ರೀಕ್ ಬಲ್ಲ ಪಾಶ್ಚಾತ್ಯ ವಿದ್ವಾಂಸರು ಈ ಕೆಲಸ ಮಾಡಲಾರರು. ಅವರಲ್ಲಿ ಬಹುಮಂದಿಗೆ ಹಳಗನ್ನಡ ಬಾರದು. ಹಳಗನ್ನಡ ಬಲ್ಲ ನಮಗೆ ಗ್ರೀಕ್ ಬಾರದು. ಎರಡೂ ಬಲ್ಲ ಒಬ್ಬರು ಒಂದು ವರ್ಷ ಕುಳಿತು ಮಾಡಬಹುದಾದ ಕೆಲಸ ಶತಮಾನದಿಂದ ಅರ್ಧಕ್ಕೆ ನಿಂತಿರುವುದಕ್ಕೆ ಕಾರಣ ಇಷ್ಟೇ. ಪ್ರಹಸನದ ಮಾತುಗಳು ಕನ್ನಡವೆಂದು ಸಿದ್ಧವಾದರೆ ಸಂತೋಷ. ಅಲ್ಲವೆಂದು ಸಿದ್ಧವಾದರೂ ನಷ್ಟವಿಲ್ಲ. ಕನ್ನಡದ ಹಿರಿಮೆ ಒಂದು ಪಪೈರಸ್ ಹಾಳೆಯನ್ನು ನೆಚ್ಚಿಕೊಂಡಿಲ್ಲ. ಆದರೆ ನಾವೇ ಓದದ ಆಧಾರವನ್ನು ನಮ್ಮ ಹೆಮ್ಮೆಯ ಆಧಾರವೆಂದು ಮುಂದಿಡುವುದು ಸಂಶೋಧನೆಯ ಶಿಸ್ತಿಗೆ ಒಪ್ಪುವಂಥದಲ್ಲ.

೪

ಗ್ರೀಕಿನ ಅಗತ್ಯ ಪ್ರಾಚೀನ ಚರಿತ್ರೆಗೆ ಮಾತ್ರ ಸೀಮಿತವಲ್ಲ. ಆಧುನಿಕ ಕನ್ನಡ ನಾಟಕ ಮತ್ತು ವಿಮರ್ಶೆಗಳ ಬೇರುಗಳಲ್ಲಿಯೂ ಗ್ರೀಕ್ ಇದೆ. ಬಿ.ಎಂ. ಶ್ರೀಕಂಠಯ್ಯನವರು ರನ್ನನ ಕಾವ್ಯವನ್ನು ಗ್ರೀಕ್ ದುರಂತ ನಾಟಕದ ಚೌಕಟ್ಟಿಗೆ ಅಳವಡಿಸಿ 'ಗದಾಯುದ್ಧ ನಾಟಕಂ' (೧೯೨೬) ರೂಪಿಸಿದರು. ಸೋಫೋಕ್ಲಿಸನ 'ಅಯಾಸ್'ನ ಮಾದರಿಯಲ್ಲಿ 'ಅಶ್ವತ್ಥಾಮನ್' (೧೯೨೯) ರಚಿಸಿದರು. ಈಸ್ಕಿಲಸನ ನಾಟಕವನ್ನು 'ಪಾರಸಿಕರು' (೧೯೩೫) ಎಂದು ಕನ್ನಡಕ್ಕೆ ತಂದರು. ಆ ಮೇಲೆ ಲಂಕೇಶರ 'ದೊರೆ ಈಡಿಪಸ್' ಸೇರಿದಂತೆ ಹಲವು ಗ್ರೀಕ್ ನಾಟಕಗಳು ಕನ್ನಡ ರಂಗಭೂಮಿಗೆ ಬಂದಿವೆ. ಅರಿಸ್ಟಾಟಲನ ಕಾವ್ಯಮೀಮಾಂಸೆ ನಮ್ಮ ಎಂ.ಎ. ತರಗತಿಗಳ ನಿತ್ಯದ ಪಾಠ. ಇವುಗಳಲ್ಲಿ ಬಹುಪಾಲು ಇಂಗ್ಲಿಷಿನ ಮೂಲಕ ನಮಗೆ ಪರಿಚಿತವಾದವು.

ಇದರಿಂದ ಆಗುವ ವ್ಯತ್ಯಾಸಕ್ಕೆ ಒಂದು ನಿದರ್ಶನ ಸಾಕು. ಅರಿಸ್ಟಾಟಲನು ಕಾವ್ಯಮೀಮಾಂಸೆಯ ಹದಿಮೂರನೆಯ ಅಧ್ಯಾಯದಲ್ಲಿ ದುರಂತ ನಾಯಕನ ಪತನಕ್ಕೆ ಕಾರಣವೆಂದು ಹೇಳುವ ಪದ 'ಹಮರ್ತಿಯ'. ಅದನ್ನು ನಾವು ಸಾಮಾನ್ಯವಾಗಿ 'ದುರಂತ ದೋಷ' ಎಂದು ಪಾಠ ಮಾಡುತ್ತೇವೆ. ಇದು ಇಂಗ್ಲಿಷ್ ವಿಮರ್ಶೆಯ ಪರಿಭಾಷೆಯ ಭಾಷಾಂತರ. 'ದೋಷ' ಎಂದೊಡನೆ ನಾಯಕನ ಸ್ವಭಾವದಲ್ಲಿಯೇ ಇರುವ ಒಂದು ಕೊರತೆ ಎಂಬ ಅರ್ಥ ವಿದ್ಯಾರ್ಥಿಯ ಮನಸ್ಸಿನಲ್ಲಿ ನೆಲೆಗೊಳ್ಳುತ್ತದೆ. ಗ್ರೀಕ್ ಪದದ ಧಾತುವಿಗೆ ಹೋಮರನಲ್ಲಿ ಇರುವ ಅರ್ಥ, ಎಸೆದ ಭರ್ಜಿ ಗುರಿ ತಪ್ಪುವುದು. ಗುರಿ ತಪ್ಪಿದ ವೀರನಲ್ಲಿ ದೋಷವಿರಲೇಬೇಕೆಂದಿಲ್ಲ. ಕತ್ತಲೆಯಿರಬಹುದು, ಗುರಿಯೇ ಸರಿದಿರಬಹುದು, ತಿಳಿವಳಿಕೆ ಸಾಲದಿರಬಹುದು. ಇದೇ ಪದವು ಬೈಬಲ್ಲಿನ ಹೊಸ ಒಡಂಬಡಿಕೆಯಲ್ಲಿ ಬರುತ್ತದೆ. ಅಲ್ಲಿ ಅದರ ಕನ್ನಡ ಅನುವಾದ 'ಪಾಪ'. ಹೀಗೆ ಒಂದೇ ಗ್ರೀಕ್ ಪದ ಚರ್ಚಿನಲ್ಲಿ 'ಪಾಪ'ವಾಗಿ, ತರಗತಿಯಲ್ಲಿ 'ದೋಷ'ವಾಗಿ ಕನ್ನಡಕ್ಕೆ ಬಂದಿದೆ. 'ಗುರಿ ತಪ್ಪುವಿಕೆ' ಎಂಬ ಮೂಲಾರ್ಥ ಎರಡೂ ಕಡೆ ಕಾಣದಾಗಿದೆ. ಕರ್ಣನ ಬಗೆಗೋ ಅಶ್ವತ್ಥಾಮನ ಬಗೆಗೋ ಬರೆಯುವ ನಮ್ಮ ವಿಮರ್ಶೆ ಎಷ್ಟರಮಟ್ಟಿಗೆ ಈ 'ದೋಷ'ವೆಂಬ ಪದದ ಹಿಡಿತದಲ್ಲಿದೆ ಎಂಬುದು ಚಿಂತನಾರ್ಹ.

ಅನುವಾದದ ದೃಷ್ಟಿಯಿಂದ ಇನ್ನೊಂದು ಸಂಗತಿಯೂ ಗಮನಾರ್ಹ. ವ್ಯಾಕರಣದ ಕೆಲವು ಮುಖ್ಯ ಅಂಶಗಳಲ್ಲಿ ಗ್ರೀಕಿಗೆ ಇಂಗ್ಲಿಷಿಗಿಂತ ಕನ್ನಡವೇ ಹತ್ತಿರ. ಗ್ರೀಕಿನಲ್ಲಿ ಕರ್ತರಿ, ಕರ್ಮಣಿಗಳಲ್ಲದೆ ಮಧ್ಯಮ ಪ್ರಯೋಗ ಎಂಬ ಮೂರನೆಯದೊಂದಿದೆ. ಮಾಡಿದವನು ತನಗಾಗಿ ಮಾಡಿಕೊಂಡನು ಎಂಬ ಅರ್ಥ ಅದರದು. 'ಇಲಿಯಡ್'ನ ಆರಂಭದಲ್ಲಿ ಮಗಳಿಗಾಗಿ ಬರುವ ಪುರೋಹಿತನ ಉದ್ದೇಶವನ್ನು ಹೋಮರನು 'ಲೂಸೊಮೆನೊಸ್' ಎಂಬ ಒಂದೇ ಪದದಲ್ಲಿ ಹೇಳುತ್ತಾನೆ. ಕನ್ನಡದಲ್ಲಿಯೂ ಅದು ಒಂದೇ ಪದ: 'ಬಿಡಿಸಿಕೊಳ್ಳಲು'. ನಮ್ಮ 'ಕೊಳ್' ಧಾತು ಸಹಾಯಕವಾಗಿ ನಿಂತು ಮಾಡುವ ಕೆಲಸವನ್ನು ಇಂಗ್ಲಿಷ್ ನಾಲ್ಕಾರು ಪದಗಳಲ್ಲಿ ಸುತ್ತಿ ಹೇಳಬೇಕು. ಎಷ್ಟೋ ಬಾರಿ ಹೇಳದೆಯೇ ಬಿಡುತ್ತದೆ. ಇಂಗ್ಲಿಷಿನಿಂದ ಅನುವಾದಿಸುವವರು 'ಬಿಡಿಸಲು' ಎಂದಷ್ಟೇ ಬರೆದಾರು. ಹಾಗೆಯೇ ಗ್ರೀಕ್ ಗದ್ಯವು ಕೃದಂತಗಳ ಸರಣಿಯಿಂದ ಮುಂದೆ ಸಾಗುತ್ತದೆ. ಕಂಡು, ಕೇಳಿ, ಎದ್ದು, ಹೋಗಿ ಎಂದು ಪೂರ್ವಕಾಲಿಕ ಕ್ರಿಯೆಗಳನ್ನು ಪೋಣಿಸುವ ನಮ್ಮ ವಾಕ್ಯಕ್ರಮಕ್ಕೆ ಅದು ಸಹಜವಾಗಿ ಹೊಂದುತ್ತದೆ. ಇಂಗ್ಲಿಷಿನಲ್ಲಿ ಅದು ತುಂಡು ತುಂಡಾದ ಉಪವಾಕ್ಯಗಳಾಗುತ್ತದೆ. ಆ ತುಂಡುಗಳನ್ನು ನಾವು ಹಾಗೆಯೇ ಕನ್ನಡಿಸುತ್ತೇವೆ.

ಲಿಪಿಯ ವಿಷಯದಲ್ಲಿಯೂ ಕನ್ನಡಕ್ಕೆ ಅನುಕೂಲವಿದೆ. ಗ್ರೀಕ್ ಲಿಪಿಯಲ್ಲಿ ಹ್ರಸ್ವ 'ಎ', 'ಒ'ಗಳಿಗೂ ದೀರ್ಘ 'ಏ', 'ಓ'ಗಳಿಗೂ ಬೇರೆ ಬೇರೆ ಅಕ್ಷರಗಳಿವೆ. ರೋಮನ್ ಲಿಪಿ ಸಾಮಾನ್ಯ ಬಳಕೆಯಲ್ಲಿ ಈ ಭೇದವನ್ನು ತೋರಿಸುವುದಿಲ್ಲ. ದೇವನಾಗರಿಯ ರೂಢಿಯ ಅಕ್ಷರಮಾಲೆಯಲ್ಲಿಯೂ ಅದಿಲ್ಲ. ಕನ್ನಡದಲ್ಲಿ ಇದೆ. ಪ್ರಾಚೀನ ಗ್ರೀಕಿನ ಮಹಾಪ್ರಾಣಗಳಿಗೆ ನಮ್ಮ ಖ, ಥ, ಫಗಳು ಸಿದ್ಧವಾಗಿವೆ. ಹೊಮೇರೊಸ್, ಸೋಕ್ರತೇಸ್, ಸೊಫೊಕ್ಲೇಸ್ ಎಂದು ಗ್ರೀಕ್ ಸ್ವರಗಳ ಹ್ರಸ್ವದೀರ್ಘಗಳನ್ನು ಉಳಿಸಿಕೊಂಡು ಬರೆಯಲು ಸಾಧ್ಯವಿರುವ ಲಿಪಿಯಲ್ಲಿ ನಾವು ಇಂಗ್ಲಿಷ್ ಉಚ್ಚಾರಣೆಯ ನೆರಳನ್ನು ಬರೆಯುತ್ತಿದ್ದೇವೆ. ರೂಢಿಯ ಹೆಸರುಗಳನ್ನು ಬದಲಿಸಬೇಕೆಂದು ನನ್ನ ವಾದವಲ್ಲ. ಈ ಬರಹದಲ್ಲಿಯೂ ಅವನ್ನು ಬಳಸಿದ್ದೇನೆ. ಮೂಲವನ್ನು ನೇರವಾಗಿ ಸ್ವೀಕರಿಸಲು ಬೇಕಾದ ಸಲಕರಣೆ ನಮ್ಮಲ್ಲಿ ಇದೆ ಎಂಬುದಷ್ಟೇ ಇಲ್ಲಿನ ಮಾತು.

೫

ಈ ಸಲಹೆಗೆ ಬರಬಹುದಾದ ಆಕ್ಷೇಪಗಳನ್ನು ಪರಿಗಣಿಸಬೇಕು.

ಹಳಗನ್ನಡವನ್ನೇ ಓದಲಾರದ ವಿದ್ಯಾರ್ಥಿಗಳಿಗೆ ಗ್ರೀಕ್ ಎಂಬುದು ಮೊದಲನೆಯ ಆಕ್ಷೇಪ. ಇದರಲ್ಲಿ ಸತ್ಯವಿದೆ. ಹಳಗನ್ನಡದ ಸ್ಥಾನವನ್ನು ಗ್ರೀಕ್ ತೆಗೆದುಕೊಳ್ಳಬಾರದು. ಸಂಸ್ಕೃತ ಪ್ರಾಕೃತಗಳ ಸ್ಥಾನವನ್ನೂ ತೆಗೆದುಕೊಳ್ಳಬಾರದು. ಆದರೆ ಎಲ್ಲರೂ ಕಲಿಯಬೇಕೆಂದು ಯಾರೂ ಹೇಳುತ್ತಿಲ್ಲ. ಒಂದು ವಿಶ್ವವಿದ್ಯಾಲಯದಲ್ಲಿ ವರ್ಷಕ್ಕೆ ಇಬ್ಬರು ಮೂವರು ಕಲಿತರೆ ಸಾಕು. ಹಾಗೆ ನೋಡಿದರೆ ಪ್ರತಿಯೊಂದು ರೂಪವನ್ನೂ ಬಿಡಿ ಬಿಡಿಯಾಗಿ ವಿಶ್ಲೇಷಿಸಿ ಓದಬೇಕಾದ ಭಾಷೆಯ ಅಭ್ಯಾಸ, ಕೇಶಿರಾಜನ ಸೂತ್ರಗಳ ಕಡೆಗೆ ವಿದ್ಯಾರ್ಥಿಯನ್ನು ಮರಳಿ ಕರೆತರಲೂಬಹುದು.

ಇದು ವಸಾಹತುಶಾಹಿ ಮನೋಭಾವದ ಮುಂದುವರಿಕೆ ಎಂಬುದು ಎರಡನೆಯ ಆಕ್ಷೇಪ. ಗ್ರೀಸನ್ನು ಯುರೋಪಿನ ತಾಯಿಬೇರೆಂದು ವೈಭವೀಕರಿಸಿ ನಮ್ಮನ್ನು ಕೆಳಗಿಟ್ಟ ಚರಿತ್ರೆ ಸುಳ್ಳಲ್ಲ. ಆದರೆ ಇಂಗ್ಲಿಷಿನ ಮೂಲಕ ಗ್ರೀಕನ್ನು ಓದುತ್ತಿರುವುದೇ ಆ ಚರಿತ್ರೆಯ ಉಳಿಕೆ. ನೇರವಾಗಿ ಓದುವುದು ಅದರಿಂದ ಹೊರಬರುವ ದಾರಿ. ಬ್ರಿಟಿಷರು ಬರುವುದಕ್ಕೆ ಎಷ್ಟೋ ಶತಮಾನ ಮೊದಲೇ ಗ್ರೀಕರಿಗೂ ಈ ನಾಡಿಗೂ ಕೊಡುಕೊಳೆಯಿತ್ತು. ನಮ್ಮ ಪಂಚಾಂಗದ 'ಹೋರಾ', ಶಾಸನಗಳಲ್ಲಿ ಬರುವ 'ದ್ರಮ್ಮ' ನಾಣ್ಯ, ಗ್ರೀಕಿನಿಂದ ಸಂಸ್ಕೃತದ ಮೂಲಕ ಬಂದ ಪದಗಳು. ನಮ್ಮ ಅಧ್ಯಯನ ಕೇಂದ್ರಗಳ ಹೆಸರಿನಲ್ಲಿರುವ 'ಕೇಂದ್ರ'ವೂ ಗ್ರೀಕಿನ 'ಕೆನ್ತ್ರೊನ್' ಪದವೇ.

ಕಲಿಸುವವರು ಎಲ್ಲಿದ್ದಾರೆ ಎಂಬುದು ಮೂರನೆಯದು. ಇದಕ್ಕೆ ಉತ್ತರ ನಾವು ನೋಡದ ಕಡೆ ಇದೆ. ಕಿಟ್ಟೆಲ್, ಮೋಗ್ಲಿಂಗ್ ಮೊದಲಾದ ಬಾಸೆಲ್ ಮಿಷನ್ನಿನವರು ಗ್ರೀಕ್ ಅಭ್ಯಾಸ ಮಾಡಿ ಬಂದವರು. ಕನ್ನಡ ನಿಘಂಟುಶಾಸ್ತ್ರಕ್ಕೆ ೧೮೯೪ರಲ್ಲಿ ಭದ್ರ ಬುನಾದಿ ಹಾಕಿದ ಕಿಟ್ಟೆಲ್ ಅವರ ಶಿಸ್ತಿನ ಹಿಂದೆ ಪ್ರಾಚೀನ ಭಾಷೆಗಳ ಈ ಅಭ್ಯಾಸವೂ ಇದೆ. ಆ ಪರಂಪರೆಯಲ್ಲಿ ಮಂಗಳೂರು, ಬೆಂಗಳೂರುಗಳ ದೇವಶಾಸ್ತ್ರದ ಕಾಲೇಜುಗಳಲ್ಲಿ ಹೊಸ ಒಡಂಬಡಿಕೆಯ ಗ್ರೀಕ್ ಕಲಿಸುತ್ತ ಬಂದಿದ್ದಾರೆ. ಹೊಸ ಒಡಂಬಡಿಕೆಯ ಗ್ರೀಕ್ 'ಕೊಯಿನೆ' ಎಂಬ ವ್ಯವಹಾರದ ಗ್ರೀಕ್. ಪೆರಿಪ್ಲಸ್ಸಿನ ಭಾಷೆ ಅದೇ. ಪಪೈರಸ್ಸುಗಳ ಭಾಷೆಯೂ ಅದೇ. ಅಂದರೆ ಕನ್ನಡ ಸಂಶೋಧನೆಗೆ ಮೊದಲು ಬೇಕಾದ ಗ್ರೀಕ್ ಬಲ್ಲವರು ಕರ್ನಾಟಕದಲ್ಲಿಯೇ ಇದ್ದಾರೆ. ಅವರನ್ನು ವಿಶ್ವವಿದ್ಯಾಲಯಗಳು ಇದುವರೆಗೆ ಕರೆದಿಲ್ಲ.

ಉದ್ಯೋಗಕ್ಕೆ ಇದರಿಂದ ಏನು ಪ್ರಯೋಜನ ಎಂಬ ನಾಲ್ಕನೆಯ ಪ್ರಶ್ನೆಗೆ ಪ್ರಾಮಾಣಿಕ ಉತ್ತರ, ನೇರ ಪ್ರಯೋಜನವಿಲ್ಲ ಎಂಬುದೇ. ಅರ್ಹತಾ ಪರೀಕ್ಷೆಗಳಲ್ಲಿ ಇದಕ್ಕೆ ಅಂಕಗಳಿಲ್ಲ. ಆದ್ದರಿಂದಲೇ ಇದು ಪದವಿಗೆ ಪೂರಕವಾಗಿರಬೇಕು, ಹೊರೆಯಾಗಬಾರದು, ಶುಲ್ಕ ಅಲ್ಪವಾಗಿರಬೇಕು, ಪ್ರಮಾಣಪತ್ರ ಇರಬೇಕು. ಪಿಎಚ್.ಡಿ. ನೋಂದಣಿಯಲ್ಲಿ ಪೂರಕ ಭಾಷಾಜ್ಞಾನಕ್ಕೆ ಮನ್ನಣೆ ಕೊಡುವುದು ವಿಭಾಗಗಳಿಗೆ ಸಾಧ್ಯವಿರುವ ಕೆಲಸ.

೬

ವಜ್ರಳ್ಳಿಯಂಥ ಊರಿನ ವಿದ್ಯಾರ್ಥಿಗೆ ಇದು ಎಟುಕದ ವಿದ್ಯೆ ಎಂಬ ಭಾವನೆಯೂ ಸರಿಯಲ್ಲ. ಯಲ್ಲಾಪುರ, ಶಿರಸಿ, ಸಿದ್ದಾಪುರಗಳ ಮಕ್ಕಳು ಮನೆಯಲ್ಲಿ ಹವ್ಯಕ ಕನ್ನಡವನ್ನೋ ಕೊಂಕಣಿಯನ್ನೋ ಮರಾಠಿಯನ್ನೋ ಆಡುತ್ತ, ಶಾಲೆಯಲ್ಲಿ ಗ್ರಂಥಸ್ಥ ಕನ್ನಡವನ್ನೂ ಇಂಗ್ಲಿಷನ್ನೂ ಕಲಿಯುತ್ತ ಬೆಳೆಯುತ್ತಾರೆ. ಸಂಸ್ಕೃತ ಪಾಠದ ಪರಂಪರೆ ಈ ಭಾಗದಲ್ಲಿ ಇಂದಿಗೂ ಜೀವಂತವಾಗಿದೆ. 'ಅಸ್ತಿ' ತಿಳಿದವರಿಗೆ ಗ್ರೀಕಿನ 'ಎಸ್ತಿ', 'ದದಾಮಿ' ತಿಳಿದವರಿಗೆ 'ದಿದೋಮಿ' ಹೊಸತೆನಿಸದು. ವಿಭಕ್ತಿ, ದ್ವಿವಚನಗಳು ಭಯ ಹುಟ್ಟಿಸವು. ತಾಳಮದ್ದಳೆಯಲ್ಲಿ ಇಬ್ಬರು ಅರ್ಥಧಾರಿಗಳು ಮಾತಿಗೆ ಮಾತು ಕೊಟ್ಟು ವಾದಿಸುವುದನ್ನು ರಾತ್ರಿಯಿಡೀ ಕೇಳಿದ ಕಿವಿಗೆ ಗ್ರೀಕ್ ನಾಟಕದ ವಾಗ್ವಾದಗಳ ಸೊಗಸು ಬಹುಬೇಗ ತಿಳಿಯುತ್ತದೆ. ಖರಿತಿಯೊನ್ ಪ್ರಹಸನದ ಹಾಳೆಯಲ್ಲಿ ಮಾತುಗಳ ನಡುವೆ ವಾದ್ಯ ನುಡಿಸುವ ಸೂಚನೆಗಳಿವೆ. ಮದ್ದಳೆ ಚಂಡೆಗಳ ಜೊತೆ ಬೆಳೆದವರು ಅವನ್ನು ಓದುವ ಬಗೆಯೇ ಬೇರೆಯಾದೀತು. ಗ್ರೀಕ್ ಓದಿಗೆ ನಾವು ಬರಿಗೈಯಲ್ಲಿ ಹೋಗಬೇಕಾಗಿಲ್ಲ.

ಇಂಥ ಓದಿಗೆ ಕನ್ನಡದಲ್ಲಿ ಪೂರ್ವನಿದರ್ಶನವಿಲ್ಲದಿಲ್ಲ. ಮಂಜೇಶ್ವರದ ಎಂ. ಗೋವಿಂದ ಪೈ (೧೮೮೩-೧೯೬೩) ಅವರು ಕೌಟುಂಬಿಕ ಕಾರಣದಿಂದ ಬಿ.ಎ. ಪದವಿಯನ್ನು ಪೂರ್ಣಗೊಳಿಸಲಾಗದೆ ಊರಿಗೆ ಮರಳಿದವರು. ಆ ಊರಿನಲ್ಲಿ ಕುಳಿತೇ ಅವರು ಹಲವಾರು ಭಾಷೆಗಳನ್ನು ಅಭ್ಯಾಸ ಮಾಡಿದರು. ಅವುಗಳಲ್ಲಿ ಗ್ರೀಕ್ ಕೂಡ ಒಂದೆಂಬುದು ಪ್ರಸಿದ್ಧ. ಕಡಲ ತಡಿಯ ಒಂದು ಸಣ್ಣ ಊರಿನಲ್ಲಿ, ಯಾವ ವಿಭಾಗದ ನೆರವೂ ಇಲ್ಲದೆ ಒಬ್ಬ ಕವಿ-ಸಂಶೋಧಕರಿಗೆ ಸಾಧ್ಯವಾದುದು ಇಂದು ವಿಶ್ವವಿದ್ಯಾಲಯಗಳಿಗೆ ಅಸಾಧ್ಯವೆನ್ನುವುದು ಹೇಗೆ? ಅವರ ಕಾಲದಲ್ಲಿ ದುರ್ಲಭವಾಗಿದ್ದ ನಿಘಂಟು, ವ್ಯಾಕರಣ, ಮೂಲಪಾಠಗಳು ಇಂದು ಅಂತರ್ಜಾಲದಲ್ಲಿ ಬೆಲೆಯಿಲ್ಲದೆ ದೊರೆಯುತ್ತಿವೆ. ಕೊರತೆಯಿರುವುದು ಒಂದು ತರಗತಿಗೆ, ಒಬ್ಬ ಗುರುವಿಗೆ, ಒಂದು ವೇಳಾಪಟ್ಟಿಗೆ.

ಎರಡು ಅವಧಿಗಳ ಒಂದು ಪ್ರಮಾಣಪತ್ರ ತರಗತಿಯಿಂದ ಆರಂಭಿಸಬಹುದು. ಮೊದಲ ಅವಧಿಯಲ್ಲಿ ಲಿಪಿ, ನಾಮಪದ, ಕ್ರಿಯಾಪದಗಳ ರೂಪಗಳು. ಎರಡನೆಯದರಲ್ಲಿ ಪೆರಿಪ್ಲಸ್ಸಿನ ಪಶ್ಚಿಮ ಕರಾವಳಿಯ ಭಾಗ, ಟಾಲೆಮಿಯ ಊರಪಟ್ಟಿ, ಕಾವ್ಯಮೀಮಾಂಸೆಯ ಆರು ಮತ್ತು ಹದಿಮೂರನೆಯ ಅಧ್ಯಾಯಗಳು. ಇಷ್ಟು ಕಲಿತವರಲ್ಲಿ ಒಬ್ಬಿಬ್ಬರು ಮುಂದುವರಿದು ಖರಿತಿಯೊನ್ ಪ್ರಹಸನದ ಗ್ರೀಕ್ ಪಾಠವನ್ನು ಕನ್ನಡ ಲಿಪಿಯಲ್ಲಿ ಕೊಟ್ಟು, ಪ್ರತಿಯೊಂದು ಸಂದಿಗ್ಧ ಅಕ್ಷರಕ್ಕೂ ಇರುವ ಸಾಧ್ಯತೆಗಳನ್ನು ವಿವರಿಸಿ, ನೇರ ಅನುವಾದದೊಡನೆ ಒಂದು ಪರಿಷ್ಕೃತ ಆವೃತ್ತಿಯನ್ನು ಹೊರತರಬೇಕು. ಅದು ಕನ್ನಡದ ಪರವಾಗಿಯೇ ತೀರ್ಪು ಕೊಡಬೇಕೆಂಬ ನಿರೀಕ್ಷೆ ಇರಕೂಡದು. ಆ ಆವೃತ್ತಿ ಬಂದ ಮೇಲೆ ನಡೆಯುವ ಚರ್ಚೆಯಲ್ಲಿ ಎಲ್ಲರ ಕೈಯಲ್ಲಿಯೂ ಒಂದೇ ಮೂಲಪಾಠ ಇರುತ್ತದೆ. ಕನ್ನಡ ವಿಭಾಗಗಳಿಂದ ಆಗಬೇಕಾದ ಕೆಲಸ ಇದು. ಬೇರೆ ಯಾರೂ ನಮಗಾಗಿ ಇದನ್ನು ಮಾಡಿಕೊಡಲಾರರು.